ಹಿತ್ತಲು, ಹೊಲ, ಕಸದ ಡಬ್ಬಿ: ಅಮೆರಿಕದಲ್ಲಿ ವಾರಂಟ್ ಇಲ್ಲದ ಪೊಲೀಸರು ಎಲ್ಲಿಯವರೆಗೆ ಬರಬಹುದು?

ಜಮೀನಿನ ಪತ್ರ ನಿಮ್ಮ ಹೆಸರಿನಲ್ಲಿದೆ, ಸುತ್ತ ಬೇಲಿ ಹಾಕಿಸಿದ್ದೀರಿ, ಗೇಟಿಗೆ ಬೀಗ ಜಡಿದು 'ನೋ ಟ್ರೆಸ್‌ಪಾಸಿಂಗ್' (ಅತಿಕ್ರಮ ಪ್ರವೇಶ ಬೇಡ) ಫಲಕವನ್ನೂ ನೇತುಹಾಕಿದ್ದೀರಿ. ಇಷ್ಟೆಲ್ಲ ಇದ್ದರೂ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆ ಆ ಬೇಲಿ ದಾಟಿ ನಿಮ್ಮ ಹೊಲದಲ್ಲಿ ಓಡಾಡಬಹುದು, ಅಲ್ಲಿ ಕಂಡದ್ದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಇಡಬಹುದು. ಅದೇ ಪೊಲೀಸರು ಮನೆಗೆ ತಾಗಿದ, ರಸ್ತೆಯಿಂದ ಕಾರು ಒಳಬರುವ ದಾರಿಯಾದ ಡ್ರೈವ್‌ವೇಯಲ್ಲಿ ನೀವು ಮುಚ್ಚಿಟ್ಟ ಬೈಕಿನ ಟಾರ್ಪಾಲು ಎತ್ತಬೇಕಾದರೆ ವಾರಂಟ್ ತರಬೇಕು.

ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಎರಡು ಕಡೆ ಎಡವುತ್ತಾರೆ. ಕೆಲವರು ರಕ್ಷಣೆಯೇ ಇಲ್ಲದ ಕಡೆ ಇದೆ ಎಂದು ನಂಬಿ ಕೂರುತ್ತಾರೆ. ಇನ್ನು ಕೆಲವರು ಇರುವ ರಕ್ಷಣೆಯನ್ನು "ಬನ್ನಿ, ನೋಡಿಕೊಳ್ಳಿ" ಎಂಬ ಒಂದೇ ಮಾತಿನಲ್ಲಿ ಬಿಟ್ಟುಕೊಡುತ್ತಾರೆ. ಮನೆ ಕೊಂಡವರಿಗೂ ಬಾಡಿಗೆಗೆ ಇರುವವರಿಗೂ, ಪೌರತ್ವ ಇದ್ದವರಿಗೂ ವೀಸಾದ ಮೇಲೆ ಇರುವವರಿಗೂ ಇದು ಅನ್ವಯಿಸುತ್ತದೆ. ನಿಮ್ಮ ಮೇಲೆ ಪ್ರಕರಣ ಇದ್ದರೆ ಮಾತ್ರ ಈ ಲೇಖನ ಸಾಲದು. ನಿಮ್ಮ ರಾಜ್ಯದ ಕ್ರಿಮಿನಲ್ ವಕೀಲರನ್ನೇ ಕಾಣಬೇಕು.

ಗೆರೆ ಎಲ್ಲಿದೆ?

1791ರಲ್ಲಿ ಜಾರಿಗೆ ಬಂದ ಸಂವಿಧಾನದ ನಾಲ್ಕನೇ ತಿದ್ದುಪಡಿ ನಾಲ್ಕನ್ನು ಹೆಸರಿಸಿ, ಸಕಾರಣವಿಲ್ಲದ ಶೋಧದಿಂದ ಕಾಯುತ್ತದೆ: ವ್ಯಕ್ತಿ, ಮನೆ, ಕಾಗದಪತ್ರ, ಸಾಮಾನು ಸರಂಜಾಮು. ಆ ಪಟ್ಟಿಯಲ್ಲಿ ಜಮೀನು ಇಲ್ಲ. ಉಳಿದ ಕಥೆಯೆಲ್ಲ ಇಲ್ಲಿಂದಲೇ ಶುರು.

1924ರ ಹೆಸ್ಟರ್ ಪ್ರಕರಣದಲ್ಲಿ ಅಬಕಾರಿ ಅಧಿಕಾರಿಗಳು ವಾರಂಟ್ ಇಲ್ಲದೆ ಆರೋಪಿಯ ತಂದೆಯ ಜಮೀನಿನಲ್ಲಿ ಅಡಗಿ ಕುಳಿತಿದ್ದರು. ಅವರನ್ನು ಕಂಡು ಓಡಿದ ಆರೋಪಿ ಕೈಯಲ್ಲಿದ್ದ ಮದ್ಯದ ಜಗ್ಗನ್ನು ಬೀಳಿಸಿದ. ಬಯಲು ಜಮೀನಿಗೆ ಮನೆಯ ರಕ್ಷಣೆ ಇಲ್ಲ, ಬಿಸಾಡಿದ ವಸ್ತುವನ್ನು ಪರೀಕ್ಷಿಸುವುದು ಶೋಧವೂ ಅಲ್ಲ ಎಂದು ಸುಪ್ರೀಂ ಕೋರ್ಟ್ ಎರಡನ್ನೂ ಒಂದೇ ತೀರ್ಪಿನಲ್ಲಿ ಹೇಳಿತು. ಜಮೀನು ಮತ್ತು ಕಸದ ಕಾನೂನು ಇಂದಿಗೂ ಒಂದೇ ಉಸಿರಿನಲ್ಲಿ ಬರುವುದು ಇದರಿಂದಲೇ.

1984ರ ಆಲಿವರ್ ಪ್ರಕರಣ ಇದನ್ನು ಇನ್ನಷ್ಟು ಬಿಗಿ ಮಾಡಿತು. ಕೆಂಟಕಿಯ ಆ ಹೊಲ ಮನೆಯಿಂದ ಒಂದು ಮೈಲಿಗೂ ದೂರವಿತ್ತು. ಗೇಟಿಗೆ ಬೀಗವಿತ್ತು, ಫಲಕವೂ ಇತ್ತು. ಪೊಲೀಸರು ಗೇಟಿನ ಪಕ್ಕದ ಕಾಲುದಾರಿಯಲ್ಲಿ ಒಳಹೋದರು. ರಾಜ್ಯದ ಕಾನೂನಿನಂತೆ ಅದು ಅತಿಕ್ರಮ ಪ್ರವೇಶವೇ ಆಗಿರಬಹುದು, ಆದರೆ ಸಂವಿಧಾನದ ಅರ್ಥದಲ್ಲಿ ಶೋಧವಲ್ಲ ಎಂದಿತು ಕೋರ್ಟ್. 'ಬಯಲು' ಎಂದರೆ ಬಯಲೇ ಆಗಿರಬೇಕೆಂದೂ ಇಲ್ಲ, ದಟ್ಟ ಕಾಡೂ ಇದೇ ಲೆಕ್ಕಕ್ಕೆ ಬರುತ್ತದೆ.

ರಕ್ಷಣೆ ಇರುವುದು ಮನೆಗೆ ಮತ್ತು ಮನೆಯ ಬದುಕು ಹರಡಿಕೊಂಡಿರುವ ಅಂಗಳ, ಹಿತ್ತಲು, ಜಗುಲಿಗೆ. ಈ ಭಾಗಕ್ಕೆ ಅಲ್ಲಿನ ಕಾನೂನಿನಲ್ಲಿ 'ಕರ್ಟಿಲೇಜ್' ಎಂದು ಹೆಸರು. ನಿಮ್ಮ ಆಸ್ತಿಯಲ್ಲಿ ಅದು ಎಲ್ಲಿ ಮುಗಿಯುತ್ತದೆ ಎಂಬುದು ಮೊದಲು ಗೊತ್ತಾಗಬೇಕು.

ಕಾಗದದ ಮೇಲೆ ಅಳೆದು ನೋಡಿ

ಒಂದು ಹಾಳೆಯಲ್ಲಿ ಮನೆ, ಗ್ಯಾರೇಜ್, ಶೆಡ್, ಕೊಟ್ಟಿಗೆ, ಬೇಲಿಗಳು, ಕಸದ ಡಬ್ಬಿ ನಿಲ್ಲುವ ಜಾಗ, ಎಲ್ಲವನ್ನೂ ಗುರುತಿಸಿ. ಮನೆಯ ಗೋಡೆಯಿಂದ ಪ್ರತಿಯೊಂದಕ್ಕೂ ಟೇಪು ಹಿಡಿದು ದೂರ ಬರೆಯಿರಿ. ಆಮೇಲೆ 1987ರ ಡನ್ ಪ್ರಕರಣದಲ್ಲಿ ಕೋರ್ಟ್ ಕೊಟ್ಟ ನಾಲ್ಕು ಪ್ರಶ್ನೆಗಳನ್ನು ಪ್ರತಿ ಜಾಗಕ್ಕೂ ಕೇಳಿ: ಮನೆಗೆ ಎಷ್ಟು ಹತ್ತಿರ? ಮನೆಯನ್ನು ಸುತ್ತುವರಿದ ಬೇಲಿಯ ಒಳಗಿದೆಯೇ? ಯಾವುದಕ್ಕೆ ಬಳಕೆಯಾಗುತ್ತಿದೆ? ದಾರಿಹೋಕರ ಕಣ್ಣಿಗೆ ಬೀಳದಂತೆ ಏನು ಮಾಡಿದ್ದೀರಿ?

ಇಷ್ಟು ಅಡಿಯೊಳಗೆ ರಕ್ಷಣೆ, ಅದರಾಚೆ ಇಲ್ಲ ಎಂಬ ಅಂಕಿ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಡನ್ ಪ್ರಕರಣದ ಅಳತೆಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಟೆಕ್ಸಾಸ್‌ನ 198 ಎಕರೆಯ ಆ ಜಮೀನಿನಲ್ಲಿ ಕೊಟ್ಟಿಗೆ ಮನೆಯಿಂದ 60 ಗಜ, ಅಂದರೆ ಸುಮಾರು 55 ಮೀಟರ್ ದೂರವಿತ್ತು. ಮನೆಯ ಸುತ್ತ ಇದ್ದ ಬೇಲಿಯಿಂದ 50 ಗಜ ಆಚೆ. ಅಧಿಕಾರಿಗಳು ಹಲವು ಬೇಲಿ ದಾಟಿ ಬಂದು ಕೊಟ್ಟಿಗೆಯ ಬಾಗಿಲ ಬಳಿ ನಿಂತು ಟಾರ್ಚ್ ಹಾಕಿ ಒಳಗೆ ನೋಡಿದರು. ಅದು ಕರ್ಟಿಲೇಜ್ ಅಲ್ಲ, ನೋಡಿದ್ದು ತಪ್ಪಲ್ಲ ಎಂದಿತು ಕೋರ್ಟ್.

ಬಹಳ ಮಂದಿ ಗಮನಿಸದ ಸಂಗತಿ ಈ ಬೇಲಿಯದು. ಜಮೀನಿನ ಅಂಚಿನ ಹೊರಬೇಲಿ ಮಾಲೀಕ ಡನ್‌ನ ಕೈಹಿಡಿಯಲಿಲ್ಲ. ಮನೆಯ ಸುತ್ತಲಿನ ಒಳಬೇಲಿಯಂತೂ ಅವನಿಗೇ ವಿರುದ್ಧವಾಯಿತು. ಮನೆಯ ಬದುಕು ಇಲ್ಲಿಗೆ ಮುಗಿಯಿತು ಎಂದು ಅದೇ ಗೆರೆ ಎಳೆದು ತೋರಿಸಿದಂತಾಯಿತು, ಕೊಟ್ಟಿಗೆ ಆ ಗೆರೆಯ ಆಚೆ ಉಳಿಯಿತು. ಹಾಗಾಗಿ ಬೇಲಿ ಹಾಕಿಸುವಾಗ ಮನೆಯನ್ನು ಮಾತ್ರ ಬಿಗಿಯಾಗಿ ಸುತ್ತಿಸಬೇಡಿ. ದಿನವೂ ಬಳಸುವ ಶೆಡ್, ಕೈತೋಟ, ಮಕ್ಕಳ ಆಟದ ಜಾಗ, ಬಟ್ಟೆ ಒಣಹಾಕುವ ತಂತಿ ಎಲ್ಲವೂ ಮನೆಯೊಂದಿಗೆ ಒಂದೇ ಬೇಲಿಯೊಳಗೆ ಬರಲಿ. ಬೇಲಿ ಆಚೆಯಿಂದ ಕಾಣದಷ್ಟು ಎತ್ತರವಿರಲಿ. ಎಷ್ಟು ಎತ್ತರಕ್ಕೆ ಅನುಮತಿ ಎಂಬುದನ್ನು ನಿಮ್ಮ ಊರಿನ ಜಾಗದ ಬಳಕೆಯ (ಜೋನಿಂಗ್) ನಿಯಮದಲ್ಲಿ ಮೊದಲೇ ನೋಡಿಕೊಳ್ಳಿ. ಶೆಡ್ಡಿನ ಕಿಟಕಿಗೆ ಪರದೆ, ಬಾಗಿಲಿಗೆ ಬೀಗ ಇರಲಿ.

ಡ್ರೈವ್‌ವೇ ವಿಷಯ ಸ್ವಲ್ಪ ನಾಜೂಕು. 2018ರ ಕಾಲಿನ್ಸ್ ಪ್ರಕರಣದಲ್ಲಿ ಬೈಕು ನಿಂತಿದ್ದುದು ಡ್ರೈವ್‌ವೇಯ ಮೇಲ್ತುದಿಯಲ್ಲಿ, ಮನೆಯ ಗೋಡೆಗೆ ಹೊಂದಿಕೊಂಡು ಮೂರು ಕಡೆ ಅರ್ಧ ಮುಚ್ಚಿದ್ದ ಜಾಗದಲ್ಲಿ. ಅದು ಕರ್ಟಿಲೇಜ್ ಆಯಿತು. ವಾಹನವನ್ನು ವಾರಂಟ್ ಇಲ್ಲದೆ ಶೋಧಿಸಬಹುದೆಂಬ ವಿನಾಯಿತಿ ಪೊಲೀಸರನ್ನು ಅಂಗಳದೊಳಗೆ ಕರೆತರಲಾರದು ಎಂದು 8-1 ಬಹುಮತದ ತೀರ್ಪು ಬಂತು. ರಸ್ತೆಗೆ ತೆರೆದುಕೊಂಡ ಕೆಳತುದಿಯಲ್ಲಿ ನಿಲ್ಲಿಸಿದ ಕಾರಿಗೆ ಇಷ್ಟು ಭದ್ರತೆ ನಿರೀಕ್ಷಿಸಬೇಡಿ. ಅಪಾರ್ಟ್‌ಮೆಂಟಿನ ಪಾರ್ಕಿಂಗ್, ಕಾರಿಡಾರ್, ಲಾಬಿಗಳಲ್ಲಿ ಎಲ್ಲರೂ ಓಡಾಡುವುದರಿಂದ ರಕ್ಷಣೆ ಇನ್ನೂ ತೆಳು.

ಫಲಕ ಹಾಕಿದರೆ ಪ್ರಯೋಜನವಿದೆಯೇ?

ಅದು ನಿಮ್ಮ ರಾಜ್ಯವನ್ನು ಅವಲಂಬಿಸಿದೆ. ಸುಪ್ರೀಂ ಕೋರ್ಟ್ ಹೇಳುವುದು ಕನಿಷ್ಠ ಮಟ್ಟ, ರಾಜ್ಯಗಳ ಸಂವಿಧಾನ ಅದಕ್ಕಿಂತ ಹೆಚ್ಚು ಕೊಡಬಹುದು. ವಾಷಿಂಗ್ಟನ್ 1984ರಲ್ಲಿ, ಒರೆಗಾನ್ 1988ರಲ್ಲಿ, ವರ್ಮಾಂಟ್ 1991ರಲ್ಲಿ, ನ್ಯೂಯಾರ್ಕ್ 1992ರಲ್ಲಿ, ಮೊಂಟಾನ 1995ರಲ್ಲಿ ಈ ದಾರಿ ಹಿಡಿದವು. ನ್ಯೂಯಾರ್ಕ್, ವರ್ಮಾಂಟ್‌ಗಳಂಥ ಕಡೆ ಬೇಲಿ ಅಥವಾ ಫಲಕವೇ ನಿರ್ಣಾಯಕ: ಹೊರಗಿನವರು ಬರಬಾರದೆಂದು ಮಾಲೀಕ ಸ್ಪಷ್ಟವಾಗಿ ತೋರಿಸಿದ್ದರೆ ಪೊಲೀಸರೂ ಹೊರಗಿನವರೇ. ಟೆನ್ನೆಸ್ಸಿಯ ಮೇಲ್ಮನವಿ ನ್ಯಾಯಾಲಯವೂ 2024ರಲ್ಲಿ, ವನ್ಯಜೀವಿ ಅಧಿಕಾರಿಗಳು ವಾರಂಟ್ ಇಲ್ಲದೆ ಖಾಸಗಿ ಜಮೀನಿಗೆ ಹೊಕ್ಕು ನಿಗಾ ಇಟ್ಟದ್ದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು.

ಈ ರಾಜ್ಯಗಳಲ್ಲಿ ಜಮೀನು ಇದ್ದರೆ ಫಲಕಕ್ಕೆ ಖರ್ಚು ಮಾಡಿ. ಪ್ರತಿ ಪ್ರವೇಶದಲ್ಲಿ, ಕಾಲುದಾರಿ ಬೇಲಿಯನ್ನು ಕೂಡುವ ಕಡೆ, ಗಡಿಯ ಮೂಲೆಗಳಲ್ಲಿ ಹಾಕಿ. ಮಳೆ ಬಿಸಿಲಿಗೆ ಅಕ್ಷರ ಮಾಸುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಸುತ್ತಾಡಿ ತಾರೀಖು ಬೀಳುವಂತೆ ಫೋಟೊ ತೆಗೆದಿಡಿ. ಮುಂದೆ "ಫಲಕ ಇರಲೇ ಇಲ್ಲ" ಎಂಬ ವಾದ ಬಂದರೆ ಉತ್ತರಿಸಲು ಫೋಟೊ ಬೇಕು. ಟೆಕ್ಸಾಸ್‌ನಲ್ಲಿ ಫಲಕದ ಬದಲು ನೇರಳೆ ಬಣ್ಣದ ಗುರುತೂ ನಡೆಯುತ್ತದೆ: ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲದ ಲಂಬ ಗೆರೆ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ, ಕಾಡಿನಲ್ಲಿ 100 ಅಡಿಗೊಂದು, ಉಳಿದ ಕಡೆ 1,000 ಅಡಿಗೊಂದು ಮೀರದಂತೆ. ಆದರೆ ಅದು ಬೇಟೆಗಾರರು, ದಾರಿಹೋಕರ ಮೇಲೆ ಅತಿಕ್ರಮಣದ ದೂರು ಕೊಡಲು ಸಹಾಯ ಮಾಡುತ್ತದೆ ಅಷ್ಟೆ. ಪೊಲೀಸರ ವಿಷಯದಲ್ಲಿ ಆಲಿವರ್ ತೀರ್ಪು ಹಾಗೆಯೇ ನಿಂತಿದೆ.

ಗಡಿಯ ಹತ್ತಿರ ಜಮೀನು ಇರುವವರಿಗೆ ಇನ್ನೊಂದು ಮಾತು. ದೇಶದ ಹೊರಗಡಿಯಿಂದ 25 ಮೈಲಿಯೊಳಗಿನ ಖಾಸಗಿ ಜಮೀನಿಗೆ ಗಡಿ ಗಸ್ತಿನವರು ವಾರಂಟ್ ಇಲ್ಲದೆ ಬರಲು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನೇ ಅನುಮತಿ ಕೊಟ್ಟಿದೆ. ವಾಸದ ಮನೆಗೆ ಮಾತ್ರ ಆ ಅನುಮತಿ ಇಲ್ಲ.

ಮುಂಬಾಗಿಲು ಮತ್ತು ಆಕಾಶ

ಅಂಚೆಯವರು, ನೆರೆಯವರು ಬಂದು ಬಾಗಿಲು ತಟ್ಟಬಹುದಾದ ಹಾಗೆ ಪೊಲೀಸರೂ ಬಂದು ತಟ್ಟಬಹುದು. ನೇರ ದಾರಿಯಲ್ಲಿ ಬರಬೇಕು, ತಟ್ಟಿ ಸ್ವಲ್ಪ ಕಾಯಬೇಕು, ಉತ್ತರ ಬರದಿದ್ದರೆ ಹೊರಡಬೇಕು. 2013ರ ಜಾರ್ಡೀನ್ಸ್ ಪ್ರಕರಣದಲ್ಲಿ ಅವರು ಮಾದಕವಸ್ತು ಪತ್ತೆಯ ನಾಯಿಯನ್ನು ಜಗುಲಿಗೆ ತಂದು ಮೂಸಿಸಿದರು. ಅದು ಶೋಧವಾಯಿತು, ವಾರಂಟ್ ಬೇಕಿತ್ತು. ಬಾಗಿಲು ತೆರೆಯುವ ಬಾಧ್ಯತೆ ನಿಮಗಿಲ್ಲ. ಮುಂಬಾಗಿಲಿಗೆ ಬಂದವರು ಮನೆಯ ಪಕ್ಕದಿಂದ ಸುತ್ತಿ ಹಿತ್ತಲಿಗೆ ಹೋಗಿ ಕಿಟಕಿಯಲ್ಲಿ ಇಣುಕಿದರೆ, ಅದು ಪ್ರಶ್ನಿಸಬಹುದಾದ ಸಂಗತಿ. ಯಾವ ದಾರಿಯಲ್ಲಿ ಬಂದರು, ಎಲ್ಲಿ ನಿಂತರು ಎಂಬುದನ್ನು ಗಮನಿಸಿಡಿ.

ಮೇಲಿನಿಂದ ನೋಡುವುದನ್ನು ಬೇಲಿ ತಡೆಯದು. 1986ರ ಪ್ರಕರಣದಲ್ಲಿ 6 ಅಡಿಯ ಹೊರಬೇಲಿ, 10 ಅಡಿಯ ಒಳಬೇಲಿ ಇದ್ದ ಹಿತ್ತಲನ್ನು ಪೊಲೀಸರು 1,000 ಅಡಿ ಎತ್ತರದಲ್ಲಿ ವಿಮಾನದಿಂದ ನೋಡಿದರು. 1989ರಲ್ಲಿ 400 ಅಡಿಯಿಂದ ಹೆಲಿಕಾಪ್ಟರಿನಲ್ಲಿ, ಚಾವಣಿಯ ಎರಡು ಹಲಗೆ ಇಲ್ಲದ ಗ್ರೀನ್‌ಹೌಸ್ ಒಳಗೆ ನೋಡಿದರು. ಎರಡೂ ಸರಿ ಎನಿಸಿದವು. ಚಾವಣಿ ದುರಸ್ತಿ ಮಾಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದು ಎರಡನೆಯದರಲ್ಲೇ ಇದೆ. ಗೋಡೆಯೊಳಗಿನ ಬಿಸಿಯನ್ನು ಯಂತ್ರದಿಂದ ಅಳೆಯಲು ಮಾತ್ರ ವಾರಂಟ್ ಬೇಕೆಂದು 2001ರ ಕೈಲೋ ತೀರ್ಪು ಹೇಳಿದೆ. ಡ್ರೋನ್‌ಗೆ ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಕಾನೂನಿದೆ. ಫ್ಲಾರಿಡಾದಲ್ಲಿ 2013ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಪೊಲೀಸ್ ಡ್ರೋನ್ ನಿಗಾಕ್ಕೆ ವಾರಂಟ್ ಬೇಕು.

ಕಸ

ನಿಜವಾದ ಎಚ್ಚರ ಬೇಕಿರುವುದು ಇಲ್ಲಿ. ಹೊಲಕ್ಕೆ ಪೊಲೀಸರು ಬರುವುದು ಅಪರೂಪ, ಕಸ ವಾರವಾರವೂ ರಸ್ತೆಗೆ ಹೋಗುತ್ತದೆ. ಔಷಧಿಯ ಡಬ್ಬಿ, ಬ್ಯಾಂಕ್ ಪತ್ರ, ರಸೀದಿ, ಕೂದಲು, ಎಂಜಲು, ಒಂದು ಮನೆಯ ಬದುಕೆಲ್ಲ ಅದರಲ್ಲಿದೆ.

1988ರ ಗ್ರೀನ್‌ವುಡ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಲಗೂನ ಬೀಚ್ ಪೊಲೀಸರು ಕಸ ಒಯ್ಯುವವರಿಗೆ ಹೇಳಿ, ಒಂದು ಮನೆಯ ಮುಂದಿನ ಚೀಲಗಳನ್ನು ಬೇರೆಯಾಗಿ ತರಿಸಿಕೊಂಡರು. ಒಳಗೆ ಸಿಕ್ಕ ಸುಳಿವಿನ ಮೇಲೆ ಮನೆಗೆ ವಾರಂಟ್ ಪಡೆದರು. ರಸ್ತೆಯ ಅಂಚಿಗೆ ಇಟ್ಟ ಕಸವನ್ನು ಪ್ರಾಣಿಗಳು, ಮಕ್ಕಳು, ಹೆಕ್ಕುವವರು ಯಾರು ಬೇಕಾದರೂ ಬಿಚ್ಚಬಹುದು, ಅದರಲ್ಲಿ ಗೌಪ್ಯತೆಯ ನಿರೀಕ್ಷೆ ಇಲ್ಲ ಎಂದಿತು ಕೋರ್ಟ್. ಚೀಲ ಪಾರದರ್ಶಕವಲ್ಲದಿದ್ದರೂ, ಬಾಯಿ ಕಟ್ಟಿದ್ದರೂ ಫಲ ಅದೇ. ಬಹಳಷ್ಟು ಮನೆ ಶೋಧಗಳಿಗೆ ದಾರಿ ತೆರೆಯುವುದೇ ಕಸದ ಚೀಲ.

ಈ ತೀರ್ಪನ್ನು ಒಪ್ಪದ ರಾಜ್ಯಗಳಿವೆ, ಅವುಗಳ ವಾದವೇ ಹೆಚ್ಚು ನ್ಯಾಯವಾದದ್ದು ಎಂದು ನಮ್ಮ ಅಭಿಪ್ರಾಯ. ಕಸದ ಚೀಲಕ್ಕೂ ರಕ್ಷಣೆ ಇದೆ ಎಂದು ಹವಾಯಿ 1985ರಲ್ಲೇ ಹೇಳಿತ್ತು. ನ್ಯೂಜೆರ್ಸಿ, ವಾಷಿಂಗ್ಟನ್ 1990ರಲ್ಲಿ, ವರ್ಮಾಂಟ್ 1996ರಲ್ಲಿ, ನ್ಯೂ ಹ್ಯಾಂಪ್‌ಶೈರ್ 2003ರಲ್ಲಿ, ಒರೆಗಾನ್ 2019ರಲ್ಲಿ ಸೇರಿಕೊಂಡವು. ನ್ಯೂಜೆರ್ಸಿಯ ನಿಯಮ ಸೂಕ್ಷ್ಮವಾದದ್ದು: ಪೊಲೀಸರು ರಸ್ತೆಯಂಚಿನ ಚೀಲವನ್ನು ಎತ್ತಿಕೊಂಡು ಹೋಗಬಹುದು, ಬಿಚ್ಚಲು ಮಾತ್ರ ವಾರಂಟ್ ಬೇಕು. ಇನ್ನೊಂದು ತೊಡಕೂ ಇದೆ. ನಿಮ್ಮ ರಾಜ್ಯದ ಈ ರಕ್ಷಣೆ ಸಾಮಾನ್ಯವಾಗಿ ರಾಜ್ಯದ ಕೋರ್ಟಿನಲ್ಲಿ ಮಾತ್ರ ನಡೆಯುತ್ತದೆ. ಪ್ರಕರಣ ಫೆಡರಲ್ ಕೋರ್ಟಿಗೆ ಹೋದರೆ ಗ್ರೀನ್‌ವುಡ್ ಮತ್ತೆ ಎದುರಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಡಬ್ಬಿ ನಿಲ್ಲುವ ಜಾಗ. ಮನೆಯ ಗೋಡೆಗೆ ತಾಗಿ, ಬೇಲಿಯೊಳಗೆ, ರಸ್ತೆಯಿಂದ ಕಾಣದಂತೆ ಇರಲಿ. ಡ್ರೈವ್‌ವೇಯ ನಡುವೆ ಯಾರ ಕೈಗಾದರೂ ಎಟುಕುವಂತೆ ನಿಂತ ಡಬ್ಬಿಗೆ, ಅದು ನಿಮ್ಮ ಜಾಗದಲ್ಲೇ ಇದ್ದರೂ, ರಕ್ಷಣೆ ಇಲ್ಲ ಎಂದ ಫೆಡರಲ್ ಮೇಲ್ಮನವಿ ತೀರ್ಪುಗಳಿವೆ. ಎರಡನೆಯದಾಗಿ, ಹಿಂದಿನ ದಿನ ಸಂಜೆಯೇ ಇಡದೆ, ಗಾಡಿ ಬರುವ ಬೆಳಿಗ್ಗೆಯೇ ಹೊರಗೆ ಇಡಿ. ಕಾನೂನು ಬದಲಾಗದು, ಆದರೆ ನಿಮ್ಮ ವೈಯಕ್ತಿಕ ವಿವರ ಕದಿಯುವ ಕಳ್ಳರಿಗೂ ಸೇರಿ ಎಲ್ಲರಿಗೂ ಸಮಯ ಕಡಿಮೆ ಸಿಗುತ್ತದೆ. ಅಪಾರ್ಟ್‌ಮೆಂಟಿನ ಸಾಮೂಹಿಕ ಕಸದ ತೊಟ್ಟಿಗೆ (ಡಂಪ್‌ಸ್ಟರ್) ಹಾಕಿದ್ದು ರಸ್ತೆಗೆ ಇಟ್ಟಂತೆಯೇ ಎಂದುಕೊಳ್ಳಿ.

ಮೂರನೆಯದು ಕಾಗದ ಕತ್ತರಿಸುವುದು, ಇಲ್ಲಿ ಅಗ್ಗದ ಯಂತ್ರ ಕೈಕೊಡುತ್ತದೆ. 1992ರಲ್ಲಿ ಬಾಸ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ಒಬ್ಬಾತ ಕಾಗದಗಳನ್ನು 5/32 ಇಂಚಿನ, ಅಂದರೆ ಸುಮಾರು 4 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ ಕಸಕ್ಕೆ ಹಾಕಿದ್ದ. ತೆರಿಗೆ ಇಲಾಖೆಯವರು ಕೂತು ಪಟ್ಟಿಗಳನ್ನು ಜೋಡಿಸಿ ಓದಿದರು. ಅದಕ್ಕೂ ವಾರಂಟ್ ಬೇಕಿಲ್ಲ ಎಂದು ತೀರ್ಪಾಯಿತು. ಪಟ್ಟಿಯಾಗಿ ಕತ್ತರಿಸುವ ಯಂತ್ರದಲ್ಲಿ ಸಾಲುಗಳು ಉದ್ದಕ್ಕೂ ಉಳಿಯುವುದರಿಂದ ಜೋಡಿಸುವುದು ಸಾಧ್ಯವಾಗುತ್ತದೆ. ಅಡ್ಡಡ್ಡ ಕತ್ತರಿಸುವ ಕ್ರಾಸ್‌ಕಟ್ ಯಂತ್ರವನ್ನೇ ಕೊಳ್ಳಿ, ಪೆಟ್ಟಿಗೆಯ ಮೇಲೆ ತುಂಡಿನ ಗಾತ್ರದ ದರ್ಜೆ 'ಪಿ-4' ಎಂದಿರಲಿ. ಅದರ ತುಂಡು 160 ಚದರ ಮಿ.ಮೀ. ಮೀರುವುದಿಲ್ಲ. ತೆರಿಗೆ, ವೈದ್ಯಕೀಯ, ಇಮಿಗ್ರೇಷನ್ ಕಾಗದಗಳಿಗೆ ಇನ್ನೂ ಸಣ್ಣದಾಗಿ ಕತ್ತರಿಸುವ ಪಿ-5 ಇನ್ನೂ ಒಳ್ಳೆಯದು. ತುಂಡುಗಳನ್ನು ಒಂದೇ ವಾರ ಒಂದೇ ಚೀಲದಲ್ಲಿ ಹಾಕದೆ ಬೇರೆ ಕಸದೊಂದಿಗೆ ಬೆರೆಸಿ.

ಹಳೆಯ ಫೋನ್, ಲ್ಯಾಪ್‌ಟಾಪ್ ಎಸೆಯುವ ಮೊದಲು ಎನ್‌ಕ್ರಿಪ್ಷನ್ (ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವ್ಯವಸ್ಥೆ) ಆನ್ ಇರುವುದನ್ನು ಖಚಿತಪಡಿಸಿ, ಖಾತೆಗಳಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ. ಕೈಯಲ್ಲಿರುವ ಫೋನಿನ ಒಳಗೆ ನೋಡಲು ವಾರಂಟ್ ಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಸೆದ ಫೋನಿನ ಬಗ್ಗೆ ಕೆಳಗಿನ ಕೋರ್ಟುಗಳಲ್ಲಿ ಒಂದೇ ಮಾತಿಲ್ಲ.

ಇದೆಲ್ಲವನ್ನೂ ಎಂದಿನ ಅಭ್ಯಾಸವಾಗಿ ಮಾಡಿ. ತನಿಖೆ ನಡೆದಿದೆ ಎಂದು ತಿಳಿದ ಮೇಲೆ, ಸಮನ್ಸ್ ಬಂದ ಮೇಲೆ, ಒಂದು ಹಾಳೆಯನ್ನೂ ಕತ್ತರಿಸಬೇಡಿ. ಫೆಡರಲ್ ತನಿಖೆಗೆ ಅಡ್ಡಿ ಮಾಡಲು ದಾಖಲೆ ನಾಶಪಡಿಸಿದರೆ 20 ವರ್ಷದವರೆಗೆ ಸೆರೆವಾಸ.

"ಇದು ನನ್ನದಲ್ಲ"

ಬಿಸಾಡಿದ್ದು ಎಂದು ಪರಿಗಣಿಸಲು ಕಸವೇ ಆಗಬೇಕಿಲ್ಲ. ಬ್ಯಾಗ್ ತೋರಿಸಿ "ಇದು ನಿಮ್ಮದೇ?" ಎಂದಾಗ ಗಾಬರಿಯಿಂದ "ಅಲ್ಲ" ಎಂದರೆ, ಆ ಕ್ಷಣದಲ್ಲೇ ಅದರ ಮೇಲಿನ ನಿಮ್ಮ ಹಕ್ಕು ಹೋಯಿತು. ಸುಳ್ಳೂ ಬೇಡ, ಒಪ್ಪಿಗೆಯೂ ಬೇಡ. "ವಕೀಲರಿಲ್ಲದೆ ಉತ್ತರಿಸುವುದಿಲ್ಲ, ಶೋಧಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದರೆ ಸಾಕು. ಪೊಲೀಸರು ಅಟ್ಟಿಸಿಕೊಂಡು ಬರುವಾಗ, ಹಿಡಿಯುವ ಮುನ್ನ ಎಸೆದದ್ದೂ ಬಿಸಾಡಿದ್ದೇ ಎಂದು 1991ರ ತೀರ್ಪು. ಹೋಟೆಲ್ ಕೋಣೆ ಖಾಲಿ ಮಾಡಿದ ಮೇಲೆ ಅಲ್ಲಿನ ಕಸದ ಬುಟ್ಟಿಯನ್ನು ನೋಡಲು ಹೋಟೆಲಿನವರ ಒಪ್ಪಿಗೆ ಸಾಕು. ನೀವು ತಂಗಿರುವಾಗ ಮಾತ್ರ ರಿಸೆಪ್ಷನ್‌ನವರು ನಿಮ್ಮ ಪರವಾಗಿ ಒಪ್ಪಿಗೆ ಕೊಡುವಂತಿಲ್ಲ. ಮನೆ ಮಾಲೀಕರಿಗೂ ಬಾಡಿಗೆದಾರರ ಪರವಾಗಿ ಆ ಅಧಿಕಾರವಿಲ್ಲ.

ಗೇಟಿನ ಮುಂದೆ ನಿಂತಾಗ

ಒಳಗೆ ಬಂದು ನೋಡಬಹುದೇ ಎಂದು ಕೇಳಿದರೆ ಅದು ಕೇಳಿಕೆ, ಆಜ್ಞೆಯಲ್ಲ. ಬೇಡ ಎನ್ನುವ ಹಕ್ಕಿದೆ ಎಂದು ಅವರು ನಿಮಗೆ ಹೇಳಬೇಕಾಗಿಲ್ಲ, 1973ರಿಂದ ಕಾನೂನು ಹೀಗೇ ಇದೆ. ಅಧಿಕಾರದ ಮುಂದೆ ವಿನಯದಿಂದ ಬಾಗಿಲು ತೆರೆಯುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ. ವಿನಯ ಇರಲಿ, ಒಪ್ಪಿಗೆ ಬೇಡ.

ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿದ್ದು ಒಬ್ಬರು ಹೂಂ, ಇನ್ನೊಬ್ಬರು ಬೇಡ ಎಂದರೆ ಬೇಡ ಎಂದವರ ಮಾತು ನಡೆಯುತ್ತದೆ. ಅವರನ್ನು ನ್ಯಾಯಬದ್ಧವಾಗಿ ಬಂಧಿಸಿ ಕರೆದೊಯ್ದ ಮೇಲೆ ಉಳಿದವರು ಒಪ್ಪಿದರೆ ಶೋಧ ಸಿಂಧು. ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೂ ಇದನ್ನು ಮೊದಲೇ ಹೇಳಿಡಿ, ಹಗಲು ಮನೆಯಲ್ಲಿರುವವರು ಅವರೇ.

ವಾರಂಟ್ ಇದೆ ಎಂದರೆ ನೋಡಲು ಕೇಳಿ. ನ್ಯಾಯಾಧೀಶರ ಸಹಿ, ನಿಮ್ಮ ಸರಿಯಾದ ವಿಳಾಸ, ಯಾವ ಜಾಗ, ಯಾವ ವಸ್ತು, ಯಾವ ದಿನಾಂಕ ಎಂಬ ಐದನ್ನೂ ಓದಿ. ಇಮಿಗ್ರೇಷನ್ ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ ಕಾಗದ ನ್ಯಾಯಾಧೀಶರ ವಾರಂಟ್ ಅಲ್ಲ. ಫೆಡರಲ್ ವಾರಂಟ್ ಆದರೆ 14 ದಿನಗಳೊಳಗೆ, ವಿಶೇಷ ಅನುಮತಿ ಇಲ್ಲದಿದ್ದರೆ ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಜಾರಿಯಾಗಬೇಕು, ಪ್ರತಿ ಮತ್ತು ಒಯ್ದ ವಸ್ತುಗಳ ಪಟ್ಟಿಯನ್ನು ಬಿಟ್ಟುಹೋಗಬೇಕು. ತಪ್ಪು ಕಂಡರೆ ಬಾಯಲ್ಲಿ ಹೇಳಿ, ಮೈಯಡ್ಡ ಮಾಡಿ ತಡೆಯಬೇಡಿ. ಶೋಧ ಅಕ್ರಮವಾಗಿದ್ದರೂ ತಳ್ಳಾಟ ಬೇರೆಯದೇ ಅಪರಾಧವಾಗುತ್ತದೆ.

ಅವರು ಹೋದ ಕೂಡಲೇ

ಅದೇ ದಿನ ಬರೆದಿಡಿ: ಬಂದ ಸಮಯ, ಬ್ಯಾಡ್ಜ್ ಸಂಖ್ಯೆ, ಯಾವ ದಾರಿಯಿಂದ ಒಳಬಂದರು, ಏನು ಕೇಳಿದರು, ನೀವು ಏನೆಂದಿರಿ. ತುಳಿದ ಬೇಲಿ, ತೆರೆದ ಶೆಡ್, ಡಬ್ಬಿ ಇದ್ದ ಜಾಗದ ಫೋಟೊ ತೆಗೆಯಿರಿ. ಬಾಗಿಲ ಕ್ಯಾಮೆರಾದ ವಿಡಿಯೊ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು, ರಾತ್ರಿ ಮಲಗುವ ಮುನ್ನ ಇಳಿಸಿಕೊಳ್ಳಿ. ಮೊದಲು ಮಾಡಿದ ನಕ್ಷೆ ಈಗ ವಕೀಲರಿಗೆ ಉಪಯೋಗಕ್ಕೆ ಬರುತ್ತದೆ.

ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ಹೊರಗಿಡಿ ಎಂಬ ಅರ್ಜಿಯನ್ನು ವಿಚಾರಣೆ ಶುರುವಾಗುವ ಮೊದಲೇ, ಕೋರ್ಟ್ ಕೊಟ್ಟ ಗಡುವಿನೊಳಗೆ ಹಾಕಬೇಕು. ತಡವಾದರೆ ಒಳ್ಳೆಯ ವಾದವೂ ವ್ಯರ್ಥ. ಶೋಧವಾದ ಜಾಗದಲ್ಲಿ ನಿಮ್ಮದೇ ಹಕ್ಕು ಇತ್ತೆಂದು ತೋರಿಸಬೇಕು, ಸ್ನೇಹಿತನ ಹಿತ್ತಲಿಗೆ ಆದ ಅನ್ಯಾಯವನ್ನು ನೀವು ಎತ್ತುವಂತಿಲ್ಲ. ಪೊಲೀಸರು ದೋಷವಿದ್ದ ವಾರಂಟನ್ನು ಪ್ರಾಮಾಣಿಕವಾಗಿ ನಂಬಿದ್ದರೆ 1984ರ ಲಿಯಾನ್ ತೀರ್ಪಿನಂತೆ ಸಾಕ್ಷ್ಯ ಉಳಿಯಬಹುದು. ಆದರೆ ವಾರಂಟೇ ಇಲ್ಲದೆ ಅಂಗಳಕ್ಕೆ ಬಂದಿದ್ದರೆ ಆ ನೆಪ ಸುಲಭಕ್ಕೆ ಸಿಗದು. ವಕೀಲರ ಬಳಿ ಹೋಗುವಾಗ ರಾಜ್ಯದ ಸಂವಿಧಾನದ ಆಧಾರವನ್ನೂ ಅರ್ಜಿಯಲ್ಲಿ ಬೇರೆಯಾಗಿ ಸೇರಿಸಲು ಕೇಳಿ. ಫೆಡರಲ್ ನಿಯಮವೊಂದನ್ನೇ ಹಿಡಿದು ವಾದಿಸಿದರೆ ನ್ಯೂಜೆರ್ಸಿ, ವರ್ಮಾಂಟ್‌ನಂಥ ಕಡೆ ಕೈಯಲ್ಲಿದ್ದ ಗೆಲುವು ತಪ್ಪಬಹುದು.